ತೊಳೆಯದ ಕಾವಲಿ

ಬರ್ಗಾರಾ
ಸೋಮವಾರ, ಆಗಸ್ಟ್ 18

ಪ್ರೀತಿಯ ನೋಲಿನ್,

ಹದಿನಾಲ್ಕು ತಿಂಗಳಾದ ಮೇಲೆ ನನ್ನ ಅಕ್ಷರ ನೋಡಿ ಯಾರೋ ಹೋಗಿಬಿಟ್ಟರೆಂದು ಗಾಬರಿಯಾಗಬೇಡ. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡು ಜೋಕು ಹೊಡೆದು, ಟುವೂಂಬಾದಲ್ಲಿ ಚಳಿ ಹೇಗಿದೆ ಎಂದು ಕೇಳಿ, ಹೇಳಬೇಕಾದ್ದನ್ನು ನುಂಗಿಕೊಂಡು ಇಟ್ಟುಬಿಡುತ್ತೇನೆ. ನೀನು ತಂಗಿಯ ಮನೆಗೆ ಹೊರಟ ದಿನ ಕಾರಿನ ಬಾಗಿಲು ಹಿಡಿದುಕೊಂಡು ಅಂದದ್ದು ನೆನಪಿದೆ: "ನಿನ್ನ ಜೊತೆ ಮಾತಾಡೋದೂ ಒಂದೇ, ಗೋಡೆ ಜೊತೆ ಮಾತಾಡೋದೂ ಒಂದೇ. ಗೋಡೆನಾದ್ರೂ ಜೋಕ್ ಹೊಡೆಯಲ್ಲ." ಆವತ್ತು ಸಿಟ್ಟು ಬಂದಿತ್ತು. ಈಗ ಬರುತ್ತಿಲ್ಲ.

ವಿಷಯ ಟೊಮೇಟೊದ್ದು. ನಗಬೇಡ, ಪೂರ್ತಿ ಓದು.

ನೀರಿನ ಟ್ಯಾಂಕಿನ ಪಕ್ಕ ನೀನು ಚೆಲ್ಲುತ್ತಿದ್ದ ತರಕಾರಿ ಸಿಪ್ಪೆಯಲ್ಲಿ ಚೆರ್ರಿ ಟೊಮೇಟೊ ತಾನಾಗಿಯೇ ಹುಟ್ಟಿ ಬೇಲಿ ಹತ್ತುತ್ತಿತ್ತಲ್ಲ, ಈ ಚಳಿಗಾಲ ಅದಕ್ಕೆ ಹುಚ್ಚು ಹಿಡಿದಿದೆ. ದಿನಾ ಒಂದು ಬಾಂಡ್ಲಿ ತುಂಬ ಕೀಳುತ್ತೇನೆ. ಪಕ್ಕದ ಮನೆ ಡ್ಯಾರಿಲ್‌ಗೆ ಕೊಟ್ಟು ಕೊಟ್ಟು, ಈಗ ನನ್ನನ್ನು ಕಂಡರೆ ಅವನು ಗ್ಯಾರೇಜಿನೊಳಗೆ ಸೇರಿಕೊಳ್ಳುತ್ತಾನೆ. ಮೂವತ್ತು ವರ್ಷ ಟೊಮೇಟೊ ತೋಟದ ಟ್ರ್ಯಾಕ್ಟರ್ ಓಡಿಸಿದವನಿಗೆ ನಿವೃತ್ತಿಯಾದ ಮೇಲೂ ಅದೇ ಹಣೆಬರಹ.

ಟೀಗನ್ ಅಂಗಡಿ ಹಿಡಿದ ಸುದ್ದಿಯನ್ನು ಅವಳೇ ನಿನಗೆ ಹೇಳಿರುತ್ತಾಳೆ. ಸಮುದ್ರದ ರಸ್ತೆಯಲ್ಲಿ ಮೊದಲು ಮೀನು ಕರಿಯುತ್ತಿದ್ದ ಜಾಗ ಅದು. ಮಾಂಸ, ಮೀನು ಒಳಗೆ ಕಾಲಿಡಕೂಡದು ಎಂದು ಬಾಗಿಲ ಮೇಲೇ ಬರೆಸಿದ್ದಾಳೆ. ಗೋಡೆಯಿಂದ ಹಳೆಯ ಮೀನೆಣ್ಣೆಯ ಜಿಡ್ಡು ಬಿಡಿಸಲು ಅವಳು ಮೂರು ವಾರ ಬಿಸಿನೀರು, ಸೋಡಾ ಹಿಡಿದು ಉಜ್ಜಿದಳು. ನಾನು ಏಣಿ ಹಿಡಿದು ನಿಂತಿದ್ದೆ. ಸಂದಿಗೊಂದಿಗೆಲ್ಲ ಮೂಗಿಟ್ಟು ನೋಡುತ್ತಿದ್ದಳು. "ನಂಬಿ ಬಂದು ತಿನ್ನೋರಪ್ಪಾ, ಒಂಚೂರೂ ಇರಬಾರದು" ಅಂದಳು. ಏಣಿಯ ಕೆಳಗೆ ನನಗೆ ಬೆವರು ಬಂತು, ಅದೂ ಜುಲೈ ತಿಂಗಳ ಚಳಿಯಲ್ಲಿ.

ಯಾಕೆಂದರೆ ಅದರ ಹಿಂದಿನ ದಿನವೇ ಮನೆಗೆ ಬಂದು, ಮೆನು ಬರೆದ ಹಾಳೆಯನ್ನು ನನ್ನ ಮುಂದೆ ಹಿಡಿದಿದ್ದಳು. ಮೊಟ್ಟಮೊದಲ ಸಾಲು: 'ಅಪ್ಪನ ಟೊಮೇಟೊ.' ಸುಟ್ಟ ಬ್ರೆಡ್ಡಿನ ಪಕ್ಕದಲ್ಲಿ, ಮೊಟ್ಟೆಯ ಪಕ್ಕದಲ್ಲಿ, ಅಣಬೆಯ ಪಕ್ಕದಲ್ಲಿ, ಎಲ್ಲದರ ಜೊತೆಗೂ ಒಂದೊಂದು ಸೌಟು. "ನಾನು ಮನೇಲಿ ನೂರು ಸಲ ಮಾಡಿದೀನಿ, ನಿನ್ನ ರುಚಿ ಬರ್ತಾನೇ ಇಲ್ಲ. ಅದೇನು ಹಾಕ್ತೀಯ ಹೇಳ್ಬಿಡಪ್ಪ" ಅಂದಳು.

ಅದೇನು ಹಾಕುತ್ತೇನೆಂದು ನಿನಗೆ ಗೊತ್ತು.

ಹನ್ನೊಂದು ವರ್ಷದ ಹಿಂದಿನ ಕ್ರಿಸ್‌ಮಸ್ ಮರುದಿನ. ಹದಿನೈದರ ಹುಡುಗಿ ಎಲ್ಲರೆದುರು ಎದ್ದುನಿಂತು ಇನ್ನು ಮೇಲೆ ತಾನು ಮಾಂಸ ಮುಟ್ಟುವುದಿಲ್ಲ ಎಂದಳು. ಅಂಗಳದ ಬಾರ್ಬೆಕ್ಯೂ ಒಲೆಯ ಮುಂದೆ ಇಕ್ಕಳ ಹಿಡಿದು ಮಾಂಸ ಸುಡುತ್ತಿದ್ದವನು ನಾನು. ನಮ್ಮ ಕಡೆ ಇಕ್ಕಳ ಹಿಡಿದ ಗಂಡಸಿಗೆ ಎಷ್ಟು ಸೊಕ್ಕು ಅಂತ ನೀನು ಎಷ್ಟು ಸಲ ಆಡಿಕೊಂಡಿಲ್ಲ. ಬಾರ್ಬೆಕ್ಯೂ ಕಾವಲಿಗೆ ಸೋಪು ಮುಟ್ಟಿಸಬಾರದು, ಕೆರೆದು, ಅರ್ಧ ಈರುಳ್ಳಿ ಉಜ್ಜಿ, ಸ್ವಲ್ಪ ಬಿಯರ್ ಸುರಿದರೆ ಆಯಿತು. ನಮ್ಮಪ್ಪ ಹಾಗೇ ಮಾಡುತ್ತಿದ್ದ, ಡ್ಯಾರಿಲ್ ಈಗಲೂ ಹಾಗೇ ಮಾಡುತ್ತಾನೆ. ವರ್ಷಗಟ್ಟಲೆ ಕುಡಿದ ಜಿಡ್ಡೇ ಕಾವಲಿಯ ಗತ್ತು. ಟೀಗನ್‌ಗೆಂದು ನೀನು ಒಂದು ಬಟ್ಟಲು ಚೆರ್ರಿ ಟೊಮೇಟೊ ತಂದುಕೊಟ್ಟೆ. ನಾನು ಕುರಿ ಚಾಪ್ಸ್ ಎತ್ತಿದ ಜಾಗದಲ್ಲೇ, ಆ ಕೊಬ್ಬಿನಲ್ಲೇ ಅವನ್ನು ಉರುಳಿಸಿದೆ. ಚರ್ ಅಂದವು. ಜಾಲರಿ ಬಾಗಿಲ ಹಿಂದೆ ನಿಂತು ನೀನು "ಬೆವನ್, ಅದು ಮಗೂಗೆ" ಅಂದೆ. ನಾನು ಕಣ್ಣು ಹೊಡೆದೆ. ನೀನು ಒಳಗೆ ಹೋದೆ.

ಅವಳು ತಿಂದಳು. ತಟ್ಟೆ ಬ್ರೆಡ್ಡಿನಿಂದ ಒರೆಸಿ ತಿಂದಳು. ಆವತ್ತು ಡ್ಯಾರಿಲ್ ಮತ್ತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಹದಿನೈದು ದಿನದಲ್ಲಿ ಮಗಳ ಹುಚ್ಚು ಇಳಿಯುತ್ತೆ, ಆಗ ಹೇಳಿ ನಗಿಸೋಣ ಅಂದುಕೊಂಡಿದ್ದೆ. ಇಳಿಯಲಿಲ್ಲ. ಯಾಕೆ ಬಿಟ್ಟೆ ಮಗಳೇ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಒಂದು ಭಾನುವಾರ ಕಳೆದು ಇನ್ನೊಂದು ಭಾನುವಾರ, ಹೇಳುವುದು ಕಷ್ಟವಾಗುತ್ತಾ ಹೋಯಿತು, ಅವಳಿಗೆ ಟೊಮೇಟೊ ಇಷ್ಟವಾಗುತ್ತಾ ಹೋಯಿತು. ನಾನು ಮಾಡಿದ ಕೆಲಸಗಳಲ್ಲಿ ಅವಳು ನಾಲ್ಕು ಜನರ ಮುಂದೆ ಹೊಗಳಿದ್ದು ಅದೊಂದನ್ನೇ, ನೋಲಿನ್. ಬಿಡಲು ಮನಸ್ಸಾಗಲಿಲ್ಲ.

ಈ ಜುಲೈನಲ್ಲಿ ನಾನು ಒಂದು ಉಪಾಯ ಹೂಡಿದೆ. ಕೊಬ್ಬಿಲ್ಲದೆ ಅದೇ ರುಚಿ ತರಿಸಿಬಿಟ್ಟರೆ ಹಳೆಯದನ್ನು ಯಾರೂ ಕೇಳುವುದಿಲ್ಲ. ಹೊಸದೊಂದು ಕಬ್ಬಿಣದ ಬಾಣಲೆ ತಂದೆ. ಹೌದು, ಒಲೆಯ ಮುಂದೆ ನಾನೇ ನಿಂತೆ, ನಿನ್ನ ಹೂವಿನ ಏಪ್ರನ್ ಕಟ್ಟಿಕೊಂಡು. ಮೊದಲು ಆಲಿವ್ ಎಣ್ಣೆ. ಆಮೇಲೆ ಬೆಣ್ಣೆ. ಒಂದು ದಿನ ಸಕ್ಕರೆ, ವಿನೆಗರ್ ಹಾಕಿದೆ, ಜಾಮ್ ಆಯಿತು. ಹೊಗೆಯ ವಾಸನೆಯ ಮೆಣಸಿನ ಪುಡಿ ಹಾಕಿದ ದಿನ ಡ್ಯಾರಿಲ್ ಬೇಲಿಯಾಚೆಯಿಂದ "ಏನ್ ಬೆವ್, ಟೈರ್ ಸುಡ್ತಿದೀಯಾ?" ಅಂದ.

ಹೀಗೆ ಕೆಡಿಸಿ ಕೆಡಿಸಿ ಒಂದಿಷ್ಟು ಕಲಿತೆ. ಬಾಣಲೆ ಮೊದಲು ಚೆನ್ನಾಗಿ ಕಾಯಬೇಕು. ಹಣ್ಣು ಒಣಗಿರಬೇಕು, ಇಲ್ಲದಿದ್ದರೆ ಮುಖಕ್ಕೆ ಸಿಡಿಯುತ್ತದೆ. ಒಂದರ ಮೇಲೊಂದು ಬೀಳದಂತೆ ಹರಡಿ, ಕೈ ಕಟ್ಟಿಕೊಂಡು ಸುಮ್ಮನಿರಬೇಕು. ನನಗೆ ಕಷ್ಟವಾದದ್ದು ಅದೇ, ಕೆದಕದೆ ಇರುವುದು. ಒಂದು ಬದಿ ಕಪ್ಪಾಗಿ ಸಿಪ್ಪೆ ಬಿರಿಯುವಾಗ ಬಾಣಲೆ ಒಮ್ಮೆ ಕುಲುಕಿ, ಜಜ್ಜಿದ ಬೆಳ್ಳುಳ್ಳಿ ಒಂದೆಸಳು. ಉಪ್ಪು ಕೊನೆಗೆ. ಒಲೆ ಆರಿಸಿದ ಮೇಲೆ ತುಳಸಿಯ ಜಾತಿಯ ಆ ಬೇಸಿಲ್ ಎಲೆ ಹರಿದು ಹಾಕಬೇಕು. ಐದು ನಿಮಿಷದ ಕೆಲಸ. ನಿಜ ಹೇಳುತ್ತೇನೆ, ಕಾವಲಿಯದಕ್ಕಿಂತ ಇದೇ ರುಚಿ. ಹಣ್ಣು ಹಣ್ಣಿನ ಹಾಗೇ ಇರುತ್ತದೆ.

ಆದರೆ ಟೀಗನ್‌ಗೆ ಬೇಕಾದದ್ದು ಅದಲ್ಲ. ನಾಲ್ಕು ಸಲ ಬಂದು ರುಚಿ ನೋಡಿದಳು. ನಾಲ್ಕು ಸಲವೂ ಕಣ್ಣು ಮುಚ್ಚಿ ಚಪ್ಪರಿಸಿ, "ಚೆನ್ನಾಗಿದೆ. ಆದ್ರೆ ಇದಲ್ಲಪ್ಪ" ಅಂದಳು. ನಿಜ ಹೇಳಿಬಿಡಲೇ ಎಂದು ಡ್ಯಾರಿಲ್‌ನನ್ನು ಕೇಳಿದೆ. "ಹೇಳ್ಬೇಡ್ವೋ ಮಾರಾಯ. ಎಲ್ಲಾ ಆ ಹಳೇ ಬಾರ್ಬೆಕ್ಯೂ ಮಹಿಮೆ ಅಂದ್ಬಿಡು, ಮುಗೀತು" ಅಂದ. ನಾನೂ ಹಾಗೇ ಅಂದುಬಿಟ್ಟೆ. ಬುದ್ಧಿ ನೋಡು ನನ್ನದು.

ನಿನ್ನೆ ಮಧ್ಯಾಹ್ನ ಅವಳು ಡ್ಯಾರಿಲ್‌ನ ಪಿಕಪ್ ಗಾಡಿ ಕೇಳಿಕೊಂಡು ಬಂದಳು. ಜೊತೆಗೆ ಹಗ್ಗ, ಹಳೆಯ ಕಂಬಳಿ. "ಬಾರ್ಬೆಕ್ಯೂನೇ ಹೊತ್ಕೊಂಡು ಹೋಗ್ತೀನಿ. ಅಂಗಡಿ ಹಿಂದೆ ಇಟ್ಟು ಅದರಲ್ಲೇ ಮಾಡ್ತೀನಿ. ಗುಟ್ಟು ನಿನ್ನ ಕೈಯಲ್ಲಿಲ್ಲ, ಕಾವಲೀಲಿದೆ ಅಂತ ಗೊತ್ತಾಯ್ತು ಬಿಡು" ಎಂದು ನಗುತ್ತಾ ಮುಚ್ಚಳ ಎತ್ತಿದಳು. ಒಂದು ತುದಿ ಹಿಡಿದು, "ಹಿಡಿಯಪ್ಪಾ ಆ ಕಡೆ" ಅಂದಳು.

ಮೂರು ವಾರ ಗೋಡೆ ಉಜ್ಜಿದವಳು. ಆ ಅಡುಗೆಮನೆಗೆ ನಾನೇ ಇದನ್ನು ಹೊತ್ತುಕೊಂಡು ಹೋಗಬೇಕಿತ್ತು. ನನ್ನಿಂದ ಆಗಲಿಲ್ಲ.

"ಕೆಳಗಿಡು" ಅಂದೆ. ಹೇಳಿದೆ. ಜೋಕು ಸೇರಿಸದೆ ಹೇಳಿದೆ, ನೋಲಿನ್, ಅದಕ್ಕಾದರೂ ನೀನು ನನ್ನನ್ನು ನಂಬಬೇಕು. ಕುರಿ ಕೊಬ್ಬು ಎಂದೆ, ಸಾಸೇಜು ಎಂದೆ, ತೊಳೆದೇ ಇಲ್ಲ ಎಂದೆ.

ಮೊದಲು ನಾನು ಕೀಟಲೆ ಮಾಡುತ್ತಿದ್ದೇನೆ ಅಂದುಕೊಂಡಳು. ನನ್ನ ಮುಖ ನೋಡುತ್ತಾ ನೋಡುತ್ತಾ ಅವಳ ನಗು ನಿಂತಿತು.

"ಎಷ್ಟು ಸಲ?"

"ಪ್ರತಿ ಸಲ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕಂಬಳಿಯನ್ನು ಮಡಿಸುತ್ತಾ ಅಂದಳು: "ಸ್ಕೂಲಲ್ಲಿ ಎಲ್ಲರೂ ನನ್ನ ಹುಲ್ಲು ತಿನ್ನೋಳು ಅಂತ ಆಡ್ಕೊಳ್ತಿದ್ರು. ನಾನು ಹೇಳ್ತಿದ್ದೆ, ನಮ್ಮಪ್ಪ ಬೈತಾನೆ, ನಗ್ತಾನೆ, ಆದ್ರೆ ನಂಗೋಸ್ಕರ ಬೇರೆ ಜಾಗ ಮಾಡ್ಕೊಂಡು ಬೇಯಿಸಿ ಕೊಡ್ತಾನೆ ಅಂತ. ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೀನಪ್ಪ ಅದನ್ನ."

ನಾನು ಕ್ಷಮೆ ಕೇಳಿದೆ. ನನ್ನ ಬಾಯಿಂದ ಆ ಮಾತು ಬಂದು ಎಷ್ಟು ವರ್ಷವಾಗಿತ್ತೋ. ಅವಳು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು, ಮೊಣಕೈವರೆಗೆ ಉಜ್ಜಿ ತೊಳೆದಳು, ಖಾಲಿ ಗಾಡಿ ತೆಗೆದುಕೊಂಡು ಹೊರಟುಹೋದಳು. ನಾನು ಅಂಗಳದಲ್ಲೇ ಕುಳಿತೆ. ನಾಚಿಕೆ ಎಂದರೆ ಏನೆಂದು ಅರವತ್ತೆಂಟನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಈಗ ಕಾವಲಿ ತೊಳೆದಿಟ್ಟಿರುತ್ತೇನೆ ಅಂದುಕೊಂಡಿರಬೇಕು ನೀನು. ಇಲ್ಲ. ತೊಳೆದರೆ ಹನ್ನೊಂದು ವರ್ಷವೇನೂ ತೊಳೆದುಹೋಗುವುದಿಲ್ಲ. ಮುಚ್ಚಿಟ್ಟಿದ್ದೇನೆ, ಬೇಕಾದರೆ ಡ್ಯಾರಿಲ್ ತೆಗೆದುಕೊಂಡು ಹೋಗಲಿ.

ಇವತ್ತು ಬೆಳಿಗ್ಗೆ ಅಂಗಡಿಯ ಮುಂದೆ ಹಾದುಹೋದೆ. ಅವಳಿರಲಿಲ್ಲ. ಗಾಜಿನಿಂದ ಒಳಗೆ ಮೆನು ಬರೆದ ಕಪ್ಪುಹಲಗೆ ಕಾಣುತ್ತದೆ. ಮೊದಲ ಸಾಲಿನಲ್ಲಿ 'ಅಪ್ಪನ' ಅನ್ನುವುದನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಾಳೆ. ಈಗ ಬರೀ 'ಟೊಮೇಟೊ' ಅಂತಿದೆ. ಬಾಣಲೆಯ ವಿಧಾನವನ್ನಾದರೂ ಇಟ್ಟುಕೊಂಡಿರಬಹುದು. ಕೇಳುವ ಧೈರ್ಯವಾಗಲಿಲ್ಲ.

ನೀನು ವಾಪಸು ಬಾ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಬಂದರೆ ಬೇಡ ಅನ್ನುವವನೂ ನಾನಲ್ಲ. ಅವಳ ಬಾಯಿಂದ ಕೇಳುವ ಮೊದಲು ನೀನು ನನ್ನಿಂದಲೇ ಕೇಳಬೇಕು ಎಂದು ಬರೆದೆ, ಅಷ್ಟೆ. ತಂಗಿಯ ಮೊಣಕಾಲು ವಾಸಿಯಾಗುತ್ತಿದೆ ಅಂದುಕೊಂಡಿದ್ದೇನೆ. ಕೇಳಿದೆ ಎಂದು ಹೇಳು.

ಇಂತಿ ನಿನ್ನ, ಈಗಲೂ ಹಾಗೆ ಬರೆಯಬಹುದಾದರೆ,
ಬೆವನ್

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಗಾಡಿ ಹತ್ತುವ ಮೊದಲು ಅವಳು ತಿರುಗಿ "ಅಮ್ಮಂಗೆ ಗೊತ್ತಿತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. ನಿಮ್ಮಮ್ಮ ಒಳಗಿದ್ದಳು, ಏನನ್ನೂ ನೋಡಿಲ್ಲ ಎಂದೆ. ಶನಿವಾರದ ಬಸ್ಸಿಗೆ ಅವಳು ನಿನ್ನ ಹತ್ತಿರ ಬರುತ್ತಾಳಂತೆ, ಡ್ಯಾರಿಲ್ ಹೇಳಿದ. ಈ ಕಾಗದ ಅದಕ್ಕೆ ಮೊದಲೇ ತಲುಪಲಿ ಎಂದು ಎಕ್ಸ್‌ಪ್ರೆಸ್ ಅಂಚೆಗೆ ಹಾಕುತ್ತಿದ್ದೇನೆ. ನಿಜ ಹೇಳಬೇಕು ಅನ್ನಿಸಿದರೆ ಹೇಳು, ತಡೆಯುವ ಹಕ್ಕು ನನಗಿಲ್ಲ. ಆದರೆ ಅವಳಿಗೆ ಈಗ ಬಯ್ಯುವುದಕ್ಕೆ ಒಬ್ಬರು ಬೇಕು, ಮಡಿಲಲ್ಲಿ ತಲೆಯಿಟ್ಟು ಅಳುವುದಕ್ಕೆ ಒಬ್ಬರು ಬೇಕು. ಇಬ್ಬರನ್ನೂ ಒಂದೇ ದಿನ ಕಳೆದುಕೊಳ್ಳುವುದು ಬೇಡ. ಬಯ್ಯಿಸಿಕೊಳ್ಳುವುದು ನನ್ನ ಪಾಲಿಗಿರಲಿ.