ಕಿವಿ ಗುರುತಿನ ತೊಗಲು

ಬೆಂಗಳೂರು
೧೮ ಫೆಬ್ರುವರಿ ೨೦೦೫

ಪ್ರೀತಿಯ ರೇಣುಕಾ,

ನಾನು ಕ್ಷೇಮ, ನೀನೂ ಕ್ಷೇಮವಿರಬೇಕು ಎಂದು ಶುರುಮಾಡಲು ಹೋದೆ, ಕೈ ಏಳಲಿಲ್ಲ. ಮೊದಲು ಮುಖ್ಯವಾದದ್ದನ್ನೇ ಹೇಳಿಬಿಡುತ್ತೇನೆ. ನಮ್ಮ ಜಾಲಿಗಿಡದ ಹೊಲಕ್ಕೆ ನಿಮ್ಮ ಹಿಂಡು ಇಳಿಸಬೇಡ. ಅಪ್ಪ ಎಷ್ಟೇ ಕರೆಯಲಿ, ರಾತ್ರಿಗೆ ಎಷ್ಟೇ ಜೋಳ ಅಳೆದು ಕೊಡಲಿ, ಬೇಡ.

ನಿನ್ನ ಹೋದ ತಿಂಗಳ ಪತ್ರ ನನ್ನ ಮೇಜಿನ ಮೇಲೇ ಇದೆ. ಆರು ವರ್ಷದ ಮೇಲೆ ಅಪ್ಪ ಮತ್ತೆ ಕರೆದದ್ದು, ಸಾಕಿ ಮರಿಗಳಲ್ಲಿ ಪಾಲು ತಗೋ ಎಂದು ತನ್ನ ಕುರಿ ಕೊಟ್ಟದ್ದು, ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಹಿಂಡು ಮಲಗಿಸಲು ಹೇಳಿದ್ದು, ಎಲ್ಲ ಬರೆದಿದ್ದೀ. 'ನಿಮ್ಮಪ್ಪಾರು ದೊಡ್ಡ ಮನಸ್ಸು ಮಾಡ್ಯಾರ' ಎಂದೂ ಬರೆದಿದ್ದೀ. ಆ ಸಾಲು ಓದಿ ಅವತ್ತು ಖುಷಿಯಾಗಿತ್ತು. ಈಗ ಆ ಕಾಗದದ ಕಡೆ ನೋಡುವುದಕ್ಕೂ ಆಗುತ್ತಿಲ್ಲ.

ನಿನ್ನೆ ಇಲ್ಲಿ ದೊಡ್ಡ ವಿಚಾರ ಸಂಕಿರಣ ನಡೆಯಿತು. ರೋಗ ತರುವ ಸೂಕ್ಷ್ಮಜೀವಿಗಳ ಜೀನೋಮು, ಅಂದರೆ ಅವುಗಳ ಮೈಯಲ್ಲೇ ಅಡಗಿರುವ ವಂಶದ ಬರಹ, ಅದನ್ನು ಓದುವವರೆಲ್ಲ ಸೇರಿದ್ದರು. ಕೊರಳಿಗೆ ಚೀಟಿ ಕಟ್ಟಿಕೊಂಡು, ಕೈಯಲ್ಲಿ ಬಿಸ್ಕೀಟು ಹಿಡಿದುಕೊಂಡು ಸಾವಿನ ಮಾತಾಡುವ ಜನ. ನಾನೂ ಅವರಲ್ಲಿ ಒಬ್ಬಳು. ಆಂಥ್ರಾಕ್ಸ್ ಬಗ್ಗೆ ಮಾತಾಡಿದೆ. ನಿನ್ನ ಗಂಡ ಸೋಮನಿಂಗಣ್ಣನನ್ನು ಒಯ್ದದ್ದು ಅದೇ ರೋಗ. ಅಮೆರಿಕದಲ್ಲಿ ಯಾರೋ ಅದನ್ನು ಲಕೋಟೆಯಲ್ಲಿ ಹಾಕಿ ಕಳಿಸಿದ ಮೇಲೆ ಈ ರೋಗಕ್ಕೆ ಎಲ್ಲಿಲ್ಲದ ಮರ್ಯಾದೆ ಬಂದಿದೆ. ನಿನ್ನ ಗಂಡ ಸತ್ತಾಗ ಇದರ ಹೆಸರು ಕೇಳಿದವರೂ ನಮ್ಮೂರಲ್ಲಿ ಇರಲಿಲ್ಲ.

ಹೋದ ವರ್ಷ ಊರಿಗೆ ಬಂದಾಗ ನಮ್ಮ ಹಿತ್ತಲ ಕೋಣೆಯ ಗೂಟದಿಂದ ಒಂದು ತೊಗಲು ಒಯ್ದಿದ್ದೆ, ನಿನಗೆ ಹೇಳಿರಲಿಲ್ಲ. ಸೋಮನಿಂಗಣ್ಣ ತಂದು ಹಾಕಿದ್ದ ತೊಗಲು ಅದು. ಪಾಲಿನ ಕುರಿ ಸತ್ತರೆ ಸುಲಿದು, ಯಾರ ಕುರಿಯೆಂದು ತಿಳಿಸುವ ಕಿವಿಯ ಗುರುತು ಸಮೇತ ತೊಗಲು ತಂದು ಯಜಮಾನನಿಗೆ ತೋರಿಸಬೇಕು. ತೋರಿಸದಿದ್ದರೆ ಮಾರಿಕೊಂಡ ಅನ್ನುತ್ತಾರೆ. ಅವತ್ತು ಕುರಿಯ ಮೂಗಿನಿಂದ ಕಪ್ಪು ರಕ್ತ ಸುರಿದಿತ್ತಂತೆ. ಮುಟ್ಟಬೇಡ ಎಂದು ನೀನು ಅಂದಿದ್ದೆಯಂತೆ. ಅವನು, 'ಗೌಡ್ರ ಕುರಿ ಐತಿ, ತೊಗಲ ತೋರಸಲಿಲ್ಲಂದ್ರ ನನ್ನ ಮಾರಿ ಹ್ಯಾಂಗ ತೋರಸಲಿ' ಅಂದನಂತೆ. ನೀನೇ ಅಳುತ್ತ ಹೇಳಿದ ಮಾತು ಇದು. ಅಪ್ಪ ಅವತ್ತು ಕಟ್ಟೆಯಿಂದ ಇಳಿಯಲೂ ಇಲ್ಲ. ದೂರದಿಂದಲೇ ನೋಡಿ, ಗೂಟಕ್ಕೆ ಹಾಕಿ ಹೋಗು ಎಂದ. ಆಮೇಲೆ ಸೋಮನಿಂಗಣ್ಣನ ಕೈಮೇಲೆ ನೋವಿಲ್ಲದ ಗುಳ್ಳೆ ಎದ್ದಿತು, ಕಪ್ಪಾಯಿತು. ನೋವಿಲ್ಲವೆಂದು ಸುಮ್ಮನಿದ್ದ. ಸಿಂದಗಿಯ ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಆ ರೋಗವನ್ನು ಸೋಮನಿಂಗನ ಹಿಂಡೇ ಎಲ್ಲಿಂದಲೋ ನಮ್ಮ ಹೊಲಕ್ಕೆ ತಂದಿತು ಎಂದು ಊರಿಗೆ ಊರೇ ಅಂದಿತು. ಮೊದಲು ಅಂದವನು ನಮ್ಮಪ್ಪ. ಆಮೇಲೆ ಆಲಮೇಲದಿಂದ ಅಗರಖೇಡದವರೆಗೆ ಯಾರೂ ನಿಮ್ಮ ಹಿಂಡನ್ನು ಹೊಲಕ್ಕೆ ಸೇರಿಸಲಿಲ್ಲ. ನೀನು ಕೈಗೂಸು ಕಟ್ಟಿಕೊಂಡು ಕಬ್ಬು ಕಡಿಯಲು ಹೋದೆ.

ಅದು ಸುಳ್ಳು, ರೇಣುಕಾ. ನಾಲ್ಕನೇ ಇಯತ್ತೆಯಲ್ಲಿದ್ದಾಗ ನಮ್ಮ ಬಿಳಿ ಎತ್ತು ಒಂದೇ ದಿನದಲ್ಲಿ ಸತ್ತಿದ್ದು ನೆನಪಿದೆಯಾ? ಜಾಲಿಗಿಡದ ಬುಡದಲ್ಲಿ ಮೇಲೆಮೇಲೆ ಅಗೆದು ಹೂಳಿದ್ದರು. ನಾವಿಬ್ಬರೂ ಚೆಂಡು ಹೂವು ಇಟ್ಟು ಅತ್ತಿದ್ದೆವು. ಆ ಮಣ್ಣನ್ನೂ ತಂದಿದ್ದೆ, ಅದರ ಫಲಿತಾಂಶ ಕೈಗೆ ಬಂದದ್ದು ಈ ವಾರವೇ. ಆ ಜೀವಿ ಅದರಲ್ಲಿ ಇನ್ನೂ ಇದೆ. ಮಣ್ಣಿನಲ್ಲಿ ಅದು ಎಷ್ಟೋ ವರ್ಷ ಸುಮ್ಮನೆ ಮಲಗಿರುತ್ತದೆ. ಮಣ್ಣಿನದರ ಬರಹವನ್ನೂ ತೊಗಲಿನದರ ಬರಹವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮಣ್ಣಿನದು ತಾಯಿ, ತೊಗಲಿನದು ಮಗಳು. ರೋಗ ಹೊಲದಿಂದ ಕುರಿಗೆ ಬಂತು. ನಿಮ್ಮ ಹಿಂಡು ಏನನ್ನೂ ತರಲಿಲ್ಲ. ನಿನ್ನ ಗಂಡನನ್ನು ಕೊಂದದ್ದು ನಮ್ಮ ಹೊಲ.

ಇದನ್ನೇ ನಿನ್ನೆ ಪರದೆಯ ಮೇಲೆ ತೋರಿಸಿದೆ, ಊರಿನ ಹೆಸರು ಬಿಟ್ಟು. ಚಪ್ಪಾಳೆ ಹೊಡೆದರು. ಒಬ್ಬರು ಎದ್ದು, ಅಂಥ ಕುರಿಯನ್ನು ಆ ಮನುಷ್ಯ ಯಾಕೆ ಸುಲಿದ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ನನ್ನ ಮಾರ್ಗದರ್ಶಕರು, ತಿಳಿವಳಿಕೆ ಇಲ್ಲದ್ದಕ್ಕೆ ಎಂದರು. ಎಲ್ಲರೂ ತಲೆಯಾಡಿಸಿ ಬರೆದುಕೊಂಡರು. ನಂಬಿಕೆ ಉಳಿಸಿಕೊಳ್ಳುವುದಕ್ಕೆ ಸುಲಿದ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಚಹಾದ ಹೊತ್ತಾಯಿತು, ಸಭೆ ಎದ್ದಿತು. ನಾನೂ ಚಹಾ ಕುಡಿದೆ.

ಸಂಜೆ ಅಪ್ಪನಿಗೆ ಫೋನು ಮಾಡಿದೆ. ಹಿಂಡು ಬೇಡ, ಆ ಜಾಗಕ್ಕೆ ಬೇಲಿ ಹಾಕಿಸು, ಪಂಚರ ಮುಂದೆ ನಿಜ ಹೇಳು ಎಂದೆ. ಮಣ್ಣಿಗೆಲ್ಲಾದರೂ ರೋಗ ಇರುತ್ತದೆಯೇ ಎಂದು ಮೊದಲು ನಕ್ಕ. ಆಮೇಲೆ ದನಿ ಏರಿಸಿದ. 'ಇದ ಹೊಲ ನಿನಗ ಸಾಲಿ ಕಲಿಸೇತಿ. ಅದರ ಹೆಸರ ಕೆಡಸಾಕ ಕಲತಿಯೇನು?' ಅವನು ಹೇಳಿದ್ದರಲ್ಲಿ ಅರ್ಧ ನಿಜ. ನನ್ನ ಹಾಸ್ಟೆಲ್ಲು, ಪುಸ್ತಕ, ನಿನ್ನೆ ಉಟ್ಟ ಸೀರೆ ಕೂಡ ಆ ಹೊಲದ್ದೇ.

ನಿಮ್ಮ ಹಿಂಡು ಈಗ ಎಲ್ಲಿದೆಯೋ ಗೊತ್ತಿಲ್ಲ. ಆಲಮೇಲದ ಸುಲ್ತಾನಬಿಯ ಅಂಗಡಿಗೆ ಫೋನು ಮಾಡಿ ಹೇಳಿಟ್ಟಿದ್ದೇನೆ. ನೀನು ಈ ವಾರ ಸಂತೆಗೆ ಬಂದೇ ಇಲ್ಲ ಎಂದಳು. ಅದಕ್ಕೇ ಅವಳ ವಿಳಾಸಕ್ಕೆ ಈ ಪತ್ರ. ಸಿಕ್ಕ ಕೂಡಲೇ ನಿನ್ನ ಮೈದುನ ಮಾಳಿಂಗನಿಗೆ ಓದಿ ಹೇಳು. ಕುರಿ ತಟ್ಟನೆ ಸತ್ತರೆ ಮುಟ್ಟಬೇಡ, ಸುಲಿಯಬೇಡ, ಯಾರಿಗೂ ಏನೂ ತೋರಿಸಬೇಕಿಲ್ಲ ಎಂದು ಹೇಳು. ಗುಳ್ಳೆ ಎದ್ದರೆ ನೋವಿಲ್ಲವೆಂದು ಕೂರಬಾರದು, ಬೇಗ ಹೋದರೆ ಸಾಧಾರಣ ಸೂಜಿಯಲ್ಲೇ ಗುಣವಾಗುತ್ತದೆ. ಸೋಮನಿಂಗಣ್ಣನಿಗೂ ಆಗುತ್ತಿತ್ತು. ಇದನ್ನು ಬರೆಯಬಾರದೆಂದಿದ್ದೆ, ಬರೆದುಬಿಟ್ಟೆ.

ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನಿನ್ನ
ರಾಜೇಶ್ವರಿ

ಮರೆತ ಮಾತು: ಮರೆತದ್ದಲ್ಲ, ಈಗ ಬೆಳಿಗ್ಗೆ ತಿಳಿದದ್ದು. ಲಕೋಟೆ ಅಂಟಿಸುವಾಗ ಅವ್ವನ ಫೋನು ಬಂತು. ನೀವು ಮೊನ್ನೆಯೇ ಹೊಲಕ್ಕೆ ಇಳಿದಿದ್ದೀರಂತೆ. ನಿನ್ನೆ ಒಂದು ಪಾಲಿನ ಕುರಿ ಸತ್ತಿತಂತೆ. ಮಾಳಿಂಗನನ್ನೂ ಅಪ್ಪನನ್ನೂ ಈಗಲೇ ಜೀಪಿನಲ್ಲಿ ದವಾಖಾನೆಗೆ ಒಯ್ಯಿ ಎಂದು ಅವ್ವನಿಗೆ ಅತ್ತು ಹೇಳಿದ್ದೇನೆ. ಮಾಳಿಂಗ ಬರುತ್ತಾನಂತೆ, ಅಪ್ಪ ಒಲ್ಲೆನೆಂದು ಕೂತಿದ್ದಾನಂತೆ. ಈ ಪತ್ರ ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ಮಾಳಿಂಗ ನಸುಕಿನಲ್ಲೇ ತೊಗಲು ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದಿದ್ದನಂತೆ. ಈ ಸಲ ಅಪ್ಪ ಕಟ್ಟೆಯಿಂದ ಇಳಿದು ಬಂದು, ತೊಗಲನ್ನು ತನ್ನ ಎರಡೂ ಕೈಯಲ್ಲಿ ಈಸಿಕೊಂಡು, ಕಿವಿಯ ಗುರುತನ್ನು ಬೆರಳಿನಿಂದ ಸವರಿ ನೋಡಿ ಹೇಳಿದನಂತೆ: 'ನಂದ ಕುರಿ ಐತಿ. ನಿಮ್ಮಣ್ಣನಂಗ ನೀನೂ ಖರೇ ಮನಶ್ಯಾ ಅದಿ.'