ಅಪ್ಪನನ್ನು ನೋಡದವರ ಉಸಿರು

ಎವರ್‌ಗ್ರೀನ್, ಸ್ಯಾನ್ ಹೊಸೆ
ಆಗಸ್ಟ್ ೨೪

ಪ್ರೀತಿಯ ಅಮ್ಮನಿಗೆ,

ಸಂಯುಕ್ತಳ ನಮಸ್ಕಾರ. ವಿಡಿಯೋ ಕಾಲಿನಲ್ಲಿ ನೀನು ಮೊಮ್ಮಗನ ಮುಖ ಬಿಟ್ಟು ಬೇರೇನೂ ನೋಡುವುದಿಲ್ಲ, ನನ್ನ ಮಾತನ್ನಂತೂ ಕೇಳುವುದೇ ಇಲ್ಲ. ಅದಕ್ಕೇ ಈ ಕಾಗದ.

ಕುಶಲ್‌ಗೆ ಬಾಯಿಹುಣ್ಣಾಗಿತ್ತು. ನಾಲಿಗೆಯ ಮೇಲೆಲ್ಲ ಮೊಸರು ಮೆತ್ತಿದಂತೆ ಬಿಳಿ. ಹಾಲು ಕುಡಿಯಲಾರದೆ ಚೀರುತ್ತಿದ್ದ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಡ್ರಾಪ್ಸ್ ಕೊಟ್ಟರು.

ಪಕ್ಕದ ಮನೆಯ ಮೋರೀನಜ್ಜಿ ಐರ್ಲೆಂಡಿನ ಹಳ್ಳಿಯವರು. ಮನೆಮದ್ದಿನಲ್ಲಿ ನಿನಗೆ ಅಕ್ಕನಾಗಬೇಕು. ಮಂಡಿನೋವಿಗೆ ಜೇಬಿನಲ್ಲಿ ಆಲೂಗಡ್ಡೆ ಇಟ್ಟುಕೊಂಡು ಓಡಾಡುತ್ತಾರೆ. ಗಂಟಲು ಕೆಟ್ಟರೆ ಹುರಿದ ಉಪ್ಪನ್ನು ಕಾಲುಚೀಲಕ್ಕೆ ತುಂಬಿ ಕೊರಳಿಗೆ ಸುತ್ತಿಕೊಳ್ಳುತ್ತಾರೆ. ಈ ಹುಣ್ಣಿಗೆ ಅವರ ಊರಿನಲ್ಲಿ ಒಂದೇ ಮದ್ದಂತೆ. ಅಪ್ಪನ ಮುಖವನ್ನೇ ನೋಡದವರು ಮೂರು ಬೆಳಗು ಮಗುವಿನ ಬಾಯಿಗೆ ಉಸಿರು ಊದಬೇಕು. ಊದಿದವರಿಗೆ ಯಾರೂ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಮದ್ದು ಕೆಡುತ್ತದೆ.

ನಾನು ಹೊಟ್ಟೆಯಲ್ಲಿದ್ದಾಗಲೇ ಅಪ್ಪ ತೀರಿಕೊಂಡರು ಎಂದು ಅಜ್ಜಿಗೆ ಹಿಂದೆ ಯಾವಾಗಲೋ ಹೇಳಿದ್ದೆ. ನೀನು ನನಗೆ ಹೇಳಿದ್ದನ್ನೇ ನಾನು ಅವರಿಗೆ ಹೇಳಿದ್ದು. ಹಾಗಾಗಿ ಅವರು ಬೇರೆ ಯಾರನ್ನೂ ಹುಡುಕಲಿಲ್ಲ, “ನೀನೇ ಇದ್ದೀಯಲ್ಲ, ಊದು” ಎಂದು ನನಗೇ ಪಟ್ಟು ಹಿಡಿದರು. ನಾನು ಒಲ್ಲೆ ಎಂದೆ. “ಮಗುವಿಗಿಂತ ನಿನ್ನ ಸಂಕೋಚ ಹೆಚ್ಚಾಯಿತೇ” ಎಂದು ಗದರಿದರು. ಕಾರಣ ಬಾಯಿಗೆ ಬಂದರೂ ಹೇಳಲಾಗಲಿಲ್ಲ. ಮೂರು ಬೆಳಗೂ ಊದಿದೆ, ಡ್ರಾಪ್ಸನ್ನೂ ತಪ್ಪದೆ ಹಾಕಿದೆ.

ಈಗ ಕುಶಲ್‌ನ ಬಾಯಿ ವಾಸಿಯಾಗಿದೆ, ಹೊಟ್ಟೆತುಂಬ ಕುಡಿಯುತ್ತಾನೆ. ಅಜ್ಜಿ ಬೀದಿಗೆಲ್ಲ ನನ್ನ ಉಸಿರಿನ ಮಹಿಮೆ ಸಾರುತ್ತಿದ್ದಾರೆ. ನಿನ್ನೆ ಯಾರದೋ ಕೂಸನ್ನು ಕರೆದುಕೊಂಡು ಬಂದಿದ್ದರು. ಮೊದಲು ಡಾಕ್ಟರಿಗೆ ತೋರಿಸಿ ಎಂದು ಕಳಿಸಿಬಿಟ್ಟೆ. ಗುಣ ಮಾಡಿದ್ದು ಡ್ರಾಪ್ಸೇ. ಅಜ್ಜಿಯ ಲೆಕ್ಕದಲ್ಲೇ ನೋಡಿದರೂ ನನ್ನ ಉಸಿರಿಗೆ ಆ ಗುಣವಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಅಮ್ಮಾ. ಫೋನಿನಲ್ಲಿ ಜಗಳವಾಡಿದರೆ ನೀನು ಅಳುತ್ತೀಯ, ನಾನು ಸುಮ್ಮನಾಗುತ್ತೇನೆ. ಉತ್ತರವನ್ನು ಕಾಗದದಲ್ಲೇ ಬರೆ. ಬಿಪಿ ಮಾತ್ರೆ ತಪ್ಪಿಸಬೇಡ.

ನಿನ್ನ ಮಗಳು,
ಸಂಯುಕ್ತಾ

ತಾ.ಕ.: ಈ ಪಿತೃಪಕ್ಷಕ್ಕೆ ಅಪ್ಪನಿಗೆ ಎಡೆ ಇಡಬೇಡ. ಅವರು ಇಲ್ಲಿಂದ ಒಂದು ಗಂಟೆ ದಾರಿಯ ಎಮರಿವಿಲ್ ಊರಿನಲ್ಲಿದ್ದಾರೆ. ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಭಾನುವಾರ ಮೊಮ್ಮಗನನ್ನು ನೋಡಲು ಮತ್ತೆ ಬರುತ್ತಾರೆ. ಅವರಿಗಿಷ್ಟವೆಂದು ನೀನು ಪ್ರತಿ ವರ್ಷ ಎಡೆಗಿಡುತ್ತಿದ್ದ ಕಜ್ಜಾಯವನ್ನೇ ಅಂದು ಬಡಿಸುತ್ತೇನೆ.