ಪೈಪಿನ ಬಾಯಲ್ಲಿ ಟಾರ್ಪನ್

ಫೆಬ್ರವರಿ 9, ಬೆಳಿಗ್ಗೆ

ಇವತ್ತೂ ಖಾಲಿ ಕೈ. ಸೇತುವೆ ಕೆಳಗೆ ನಿಂತು ನಿಂತು ಕಾಲು ಜೋಮು ಹಿಡಿಯಿತು. ಬೆಳ್ಳಿ ಬಣ್ಣದ ಲೂರ್, ಗಾಳಕ್ಕೆ ಕಟ್ಟುವ ಹುಸಿ ಮೀನು, ಕಂಬಕ್ಕೆ ಸಿಕ್ಕಿಕೊಂಡು ಹೋಯಿತು. ಇದ್ದದ್ದರಲ್ಲಿ ಅದೇ ಒಳ್ಳೆಯದು.

ಫೋನಿನಲ್ಲಿ ಗಾಳದವರ ಗ್ರೂಪಿದೆ, ಅದರ ಥ್ರೆಡ್‌ನಲ್ಲಿ ಎಲ್ಲರೂ ಹೇಳುವುದು ಒಂದೇ. ಟಾರ್ಪನ್ ಮೀನು ಬೇಕಾದರೆ ಸಿಹಿನೀರು ಉಪ್ಪುನೀರು ಕೂಡುವ ಜಾಗ ಹುಡುಕು. ಗುಂಡಿ ಹುಡುಕು. ನೆರಳು ಹುಡುಕು. ನಮ್ಮ ಸರೋವರಕ್ಕೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ. ಗುಂಡಿ, ನೆರಳು ಎಲ್ಲಾ ಇದೆ. ಮೀನು ಮಾತ್ರ...

ಕ್ಯಾಪ್ಟನ್ ಹೊಸ ವಿಡಿಯೋ ಹಾಕಿದ್ದಾರೆ. ನಮ್ಮ ಗ್ರೂಪಿನ ಅಡ್ಮಿನ್. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಗಾಳ ಎಸೆಯುವಾಗ ಆ ಮಣಿಕಟ್ಟು ತಿರುಗುವುದು ನೋಡಬೇಕು. ನನ್ನ ಕಾಮೆಂಟಿಗೆ ಲೈಕಿನ ಹೆಬ್ಬೆರಳು ಒತ್ತಿದ್ದಾರೆ. ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಮನೆಗೆ ಬಂದರೆ ಅತ್ತಿಗೆ ಬಾಗಿಲಲ್ಲೇ. "ಏನು ಮೈದುನರೇ, ತಕ್ಕಡಿ ತರಲಾ?"

"ಅದು ತಿನ್ನೋ ಮೀನಲ್ಲ ಅತ್ತಿಗೆ. ಮೈ ತುಂಬಾ ಮುಳ್ಳು. ಹಿಡಿದು ವಾಪಸ್ ಬಿಡೋದು."

"ಹಿಡಿಯೋರೂ ನೀವೇ, ಬಿಡೋರೂ ನೀವೇ. ಮಧ್ಯದಲ್ಲಿ ಆ ಬಡಪಾಯಿಗೆ ಯಾಕೆ ಕಾಟ?"

ಏಡಿ ಬಲೆಯ ಹರುಕು ಹೊಲಿಯುತ್ತಿದ್ದ ಅಪ್ಪ ತಲೆ ಎತ್ತದೆ ನಕ್ಕರು.

ಫೆಬ್ರವರಿ 21

ಸಿಕ್ಕಿತು. ಸಿಕ್ಕಿತು. ಟಾರ್ಪನ್ ಇರುವ ಜಾಗ ಸಿಕ್ಕಿತು, ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಅತ್ತಿಗೆ ಊಟದ ಡಬ್ಬಿ ಮರೆತಿದ್ದರು. ಕೊಡಲು ಸೀಗಡಿ ಫ್ಯಾಕ್ಟರಿಗೆ ಹೋದೆ — ಅಲ್ಲಿ ಅವರಿಗೆ ಸೀಗಡಿ ಸುಲಿಯುವ ಕೆಲಸ. ಗೇಟಿನವನು ಒಳಗೆ ಬಿಡಲಿಲ್ಲ, ಹಿಂದಿನಿಂದ ಬಾ ಅಂದ. ಹಿಂದೆ ಕಾಂಪೌಂಡು, ಅದರಾಚೆ ಸರೋವರ. ತೊಳೆದ ನೀರು ದಪ್ಪ ಪೈಪಿನಿಂದ ಅಲ್ಲೇ ಬೀಳುತ್ತದೆ. ನೀರು ಕಂದು, ಮೇಲೆ ನೊರೆ, ನಾತಕ್ಕೆ ಕಣ್ಣಲ್ಲಿ ನೀರು. ಆ ನೊರೆಯ ನಡುವೆ ಬೆಳ್ಳಿ ಬೆನ್ನುಗಳು. ಒಂದಲ್ಲ, ಎರಡಲ್ಲ.

ಉರುಳುತ್ತಿದ್ದವು. ಟಾರ್ಪನ್ ಮೇಲೆ ಬರುತ್ತದೆ, ಬಾಯಿ ತೆರೆದು ಒಂದು ಗುಟುಕು ಗಾಳಿ ನುಂಗುತ್ತದೆ, ಬೆನ್ನು ಬಾಗಿಸಿ ಮತ್ತೆ ಮುಳುಗುತ್ತದೆ. ಅದನ್ನೇ ಉರುಳುವುದು ಅನ್ನುವುದು. ಥ್ರೆಡ್‌ನ ಮೊದಲ ಪಾಠ: ಉರುಳಿದ ಕಡೆ ಮೀನಿದೆ.

ಡಬ್ಬಿ ಕೊಡುವುದು ಮರೆತೇ ಹೋಯಿತು. ಸಂಜೆ ಚೆನ್ನಾಗಿ ಬೈಸಿಕೊಂಡೆ.

ಫೆಬ್ರವರಿ 22

ಮೂಗಿಗೆ ಟವಲು ಕಟ್ಟಿಕೊಂಡು ಹೋದೆ. ಮೂರನೇ ಎಸೆತಕ್ಕೇ ಹಿಡಿಯಿತು. ಆಳೆತ್ತರ ಹಾರಿತು, ತಲೆ ಕೊಡವಿತು, ದಾರ ಬಿಚ್ಚಿಕೊಂಡು ರೀಲು ಕೂಗಿತು. ನನ್ನ ತೋಳಿನಷ್ಟು ಉದ್ದ. ಒಂದೊಂದು ಪೊರೆಯೂ ಕನ್ನಡಿ ಚೂರು. ಫೋನನ್ನು ಕಲ್ಲಿಗೆ ಆನಿಸಿಟ್ಟಿದ್ದೆ, ಎಲ್ಲಾ ರೆಕಾರ್ಡ್ ಆಗಿದೆ.

ಗ್ರೂಪಿನಲ್ಲಿ ಒಬ್ಬ ಯಾವಾಗಲೂ ಚುಚ್ಚುತ್ತಿದ್ದ, ನಿಮ್ಮ ಸರೋವರ ಸತ್ತಿದೆ ಅಂತ. ಅವನಿಗೆ ಉತ್ತರ ಕೊಡಬೇಕಿತ್ತು. ಮೀನು ಎತ್ತಿ ಹಿಡಿದು ಕ್ಯಾಮೆರಾಗೆ ಹೇಳಿದೆ: "ಯಾರಪ್ಪ ಹೇಳಿದ್ದು ಸತ್ತಿದೆ ಅಂತ? ನಮ್ಮ ಸರೋವರ ಜೀವಂತವಾಗಿದೆ. ನೋಡ್ಕೊಳ್ಳಿ."

ಮೀನನ್ನು ನೀರಿಗೆ ಬಿಟ್ಟು, ವಿಡಿಯೋ ಗ್ರೂಪಿಗೆ ಹಾಕಿದೆ.

ಮಾರ್ಚ್ 2

ಕ್ಯಾಪ್ಟನ್ ನನ್ನ ವಿಡಿಯೋ ಎಲ್ಲಾ ಕಡೆ ಶೇರ್ ಮಾಡಿದ್ದಾರೆ. ಫೋನು ಬಿಸಿಯಾಗಿ ಕೈಯಲ್ಲಿ ಹಿಡಿಯಲು ಆಗುತ್ತಿಲ್ಲ. ನಂತರ ಪರ್ಸನಲ್ ಮೆಸೇಜ್. ಒಂದೇ ಪದ: "ಸ್ಪಾಟ್?"

ಒಳ್ಳೆಯ ಜಾಗ ಯಾರಿಗೂ ಹೇಳಬಾರದು ಅನ್ನುವುದೂ ಥ್ರೆಡ್‌ನ ಪಾಠವೇ. ಆದರೆ ಕ್ಯಾಪ್ಟನ್ 'ಯಾರೋ' ಅಲ್ಲವಲ್ಲ. ಮ್ಯಾಪಿನಲ್ಲಿ ಜಾಗದ ಪಿನ್ ಕಳಿಸಿದೆ. ಹೆಬ್ಬೆರಳು ಬಂತು.

ಅಪ್ಪನ ಮುಖ ಸರಿ ಇಲ್ಲ. ಬಲೆ ಎತ್ತಿದರೆ ಏಡಿಗಳು ಸತ್ತೇ ಬರುತ್ತಿವೆಯಂತೆ. ಜೀವ ಇರುವವು ಬಲೆಯ ಮೇಲ್ತುದಿಗೆ ಹತ್ತಿ, ಒಂದರ ಮೇಲೊಂದು ನೇತಾಡುತ್ತಿರುತ್ತವೆ. ಏಡಿಯವರೆಲ್ಲ ಸೇರಿ ಫ್ಯಾಕ್ಟರಿ ಪೈಪಿನ ಮೇಲೆ ದೂರು ಕೊಟ್ಟಿದ್ದಾರೆ. ಮಾಲಿನ್ಯ ಮಂಡಳಿಯ ಅಧಿಕಾರಿ ಬರುತ್ತಾರೆ, ಶಾಲೆಯ ಹಾಲ್‌ನಲ್ಲಿ ವಿಚಾರಣೆ.

"ಪೈಪ್ ನಿಂತ್ರೆ ನನ್ನ ಕೆಲಸಾನೂ ನಿಲ್ಲತ್ತೆ ಮಾವ," ಅಂದರು ಅತ್ತಿಗೆ.

"ನೀರು ಸತ್ರೆ ಎಲ್ಲಾನೂ ನಿಲ್ಲತ್ತೆ ಕಣಮ್ಮ." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ. ನಾಲ್ಕು ಅಕ್ಷರ ಓದಿರೋನು ಪಕ್ಕದಲ್ಲಿದ್ರೆ ಧೈರ್ಯ."

ಹೂಂ ಅಂದೆ. ಕಣ್ಣು ಫೋನಿನ ಮೇಲೆ ಇತ್ತು.

ಮಾರ್ಚ್ 15

ಬರೆಯಬೇಕೋ ಬೇಡವೋ.

ಅಪ್ಪ ಒಗೆದ ಅಂಗಿ ಹಾಕಿ, ಬಕೆಟ್ಟಿನಲ್ಲಿ ಸತ್ತ ಏಡಿ ತುಂಬಿಕೊಂಡು ಬಂದಿದ್ದರು. ಚೆನ್ನಾಗಿಯೇ ಮಾತಾಡಿದರು. ಅಧಿಕಾರಿ ಬರೆದುಕೊಳ್ಳುತ್ತಿದ್ದರು. ಪೈಪು ನಿಂತೇ ಹೋಯಿತು ಅಂತ ಹಿಂದಿನ ಬೆಂಚಿನಲ್ಲಿ ಪಿಸುಪಿಸು.

ಆಮೇಲೆ ಫ್ಯಾಕ್ಟರಿ ಮ್ಯಾನೇಜರ್ ಎದ್ದ. ಲ್ಯಾಪ್‌ಟಾಪ್ ತೆರೆದ. ಗೋಡೆ ಮೇಲೆ ನಾನು.

ನನ್ನ ಮೀನು. ನನ್ನ ದನಿ ಹಾಲ್ ತುಂಬಾ. ನಮ್ಮ ಸರೋವರ ಜೀವಂತವಾಗಿದೆ, ನೋಡ್ಕೊಳ್ಳಿ.

"ಇದು ನಮ್ಮ ಪೈಪಿನ ಬಾಯಲ್ಲೇ ತೆಗೆದಿದ್ದು ಸಾರ್," ಅಂದ ಮ್ಯಾನೇಜರ್. "ನೀರು ವಿಷ ಆಗಿದ್ರೆ ಇಂಥ ಮೀನು ಕುಣಿಯುತ್ತಾ? ಇಲ್ಲಿನ ಹುಡುಗನೇ ಹೇಳ್ತಿದ್ದಾನೆ, ನಾವಲ್ಲ."

ಗೋಡೆ ಮೇಲೆ ಟಾರ್ಪನ್‌ಗಳು ಉರುಳುತ್ತಿದ್ದವು. ಕೆಳಗೆ ಅಪ್ಪನ ಬಕೆಟ್ಟು. ಎರಡನ್ನೂ ಒಟ್ಟಿಗೆ ನೋಡಿದಾಗಲೇ ತಲೆಗೆ ಹೋದದ್ದು. ಅಲ್ಲಿಯವರೆಗೆ ಎಲ್ಲಿತ್ತೋ ಬುದ್ಧಿ. ಎದ್ದು ನಿಂತೆ.

"ಸಾರ್, ಟಾರ್ಪನ್ ಮೇಲೆ ಬಂದು ಗಾಳಿ ಕುಡಿಯತ್ತೆ. ನೀರಲ್ಲಿ ಉಸಿರು ಇಲ್ದಿದ್ರೂ ಅದು ಬದುಕತ್ತೆ. ಬೇರೆ ಮೀನು, ಏಡಿ ಬದುಕಲ್ಲ. ಅದೊಂದೇ ಅಲ್ಲಿ ಇರೋದು ಅಂದ್ರೆ ನೀರು ಕೆಟ್ಟಿದೆ ಅಂತಲೇ ಅರ್ಥ."

"ಎಲ್ಲಿ ಓದಿದ್ದಪ್ಪ?"

"ಗ್ರೂಪಲ್ಲಿ ಸಾರ್... ಥ್ರೆಡ್ಡಲ್ಲಿ."

ಯಾರೋ ಕಿಸಕ್ಕೆಂದರು. ಅಧಿಕಾರಿ ನಗಲಿಲ್ಲ, ಅದೇ ಇನ್ನೂ ಕಷ್ಟ. "ವಿಡಿಯೋದಲ್ಲಿರೋನು ನೀನೇ ತಾನೆ? ಅಲ್ಲಿ ಜೀವಂತ ಅಂತೀಯ, ಇಲ್ಲಿ ಕೆಟ್ಟಿದೆ ಅಂತೀಯ. ಯಾವುದು ಬರ್ಕೊಳ್ಳಲಿ ಹೇಳು."

ಅಪ್ಪ ಬಕೆಟ್ಟು ಎತ್ತಿಕೊಂಡು ಹೊರಗೆ ಹೋದರು. ದೂರು ಅಲ್ಲಿಗೇ ಮುಗಿಯಿತು.

ಊಟಕ್ಕೆ ಕೂತಾಗ ಅತ್ತಿಗೆಯೇ ಶುರು ಮಾಡಿದರು. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರೆ. ನೀನು ಊರಿಗೂ ಆಗ್ಲಿಲ್ಲವಲ್ಲೋ."

"ನಿಮ್ಮ ಕೆಲಸ ಉಳೀತಲ್ಲ ಅತ್ತಿಗೆ."

ಅವರು ಸೌಟು ಕೆಳಗಿಟ್ಟರು. "ಉಳೀತು. ಹೀಗೆ ಉಳಿಸು ಅಂತ ನಾನು ಕೇಳಿದ್ನಾ?"

ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ತಟ್ಟೆ ತೊಳೆದಿಟ್ಟು ಮಲಗಿದರು.

ಮಾರ್ಚ್ 16

ವಿಡಿಯೋ ಡಿಲೀಟ್ ಮಾಡಿದೆ. ಏನು ಬಂತು? ಎಲ್ಲರ ಫೋನಿನಲ್ಲೂ ಇದೆ.

ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ. ಪೈಪು, ಏಡಿ, ಅಪ್ಪ, ಎಲ್ಲಾ. ಸತ್ತ ಏಡಿಗಳ ಫೋಟೋ ಹಾಕಿದೆ. ಕ್ಯಾಪ್ಟನ್ ಒಂದು ಮಾತು ಹೇಳಿದರೆ ಸಾಕು, ಅಷ್ಟು ಜನ ಕೇಳುತ್ತಾರೆ. ಹೇಳಿದರು. "ಇಲ್ಲಿ ರಾಜಕೀಯ ಬೇಡ. ಗ್ರೂಪ್ ರೂಲ್ಸ್ ಓದಿ."

ಪೋಸ್ಟ್ ಮಾಯ. ಅದರ ಕೆಳಗೆ ಯಾರೋ ಆಕಳಿಸುವ ಸ್ಟಿಕ್ಕರ್ ಹಾಕಿದ್ದರು, ಅದು ಮಾತ್ರ ಉಳಿದಿದೆ.

ಏಪ್ರಿಲ್ 28

ಬಹಳ ದಿನದಿಂದ ಬರೆದಿಲ್ಲ. ಬರೆಯಲು ಏನಿತ್ತು.

ಅಪ್ಪ ಬಲೆಗಳನ್ನೆಲ್ಲ ಎತ್ತಿ ಸೂರಿನ ಕೆಳಗೆ ನೇತುಹಾಕಿದ್ದಾರೆ. ಒಣಗಲು ಅಲ್ಲ. ಇನ್ನು ಇಳಿಸುವುದಿಲ್ಲ.

ಫ್ಯಾಕ್ಟರಿಯವರು ಟಾರ್ಪನ್ ಟೂರ್ನಮೆಂಟ್ ನಡೆಸುತ್ತಿದ್ದಾರೆ. ಪೋಸ್ಟರ್ ಮೇಲೆ ಕ್ಯಾಪ್ಟನ್ ಫೋಟೋ. ನನ್ನ ಜಾಗಕ್ಕೆ ಹೆಸರೂ ಇಟ್ಟಾಗಿದೆ — ಕ್ಯಾಪ್ಟನ್ ಪಾಯಿಂಟ್. ನೋಡಿ ನಗು ಬಂತು. ಆಮೇಲೆ ಬರಲಿಲ್ಲ.

ಸಂಜೆ ಅಪ್ಪ ನನ್ನ ಪಕ್ಕ ಬಂದು ಕೂತರು. ವಿಚಾರಣೆ ಆದಮೇಲೆ ಇದೇ ಮೊದಲು.

"ಟೂರ್ನಮೆಂಟಿಗೆ ದೋಣಿಯೋರು ಬೇಕಂತೆ. ನಾನು ಹೇಳಿ ಬಂದಿದ್ದೀನಿ."

"ಅವರ ಹತ್ರನಾ? ಅಪ್ಪ, ನೀವು ಯಾಕೆ..."

"ಮತ್ತೆ ಯಾರ ಹತ್ರ ಹೋಗಲಿ? ಏಡಿ ಕರೀತಾ ಇಲ್ಲ ನನ್ನ." ಲುಂಗಿಗೆ ಅಂಗೈ ಒರೆಸಿಕೊಂಡರು. "ಜಾಗ ಗೊತ್ತಿರೋನೂ ಒಬ್ಬ ಬೇಕಂತೆ. ನನ್ನ ಮಗನಿಗೆ ಗೊತ್ತು ಅಂದೆ."

ಏಪ್ರಿಲ್ 30

ದೋಣಿಯಲ್ಲಿ ಕ್ಯಾಪ್ಟನ್, ಇಬ್ಬರು ಗೆಸ್ಟು, ನಾನು. ಹುಟ್ಟು ಹಾಕಲು ಅಪ್ಪ.

ಕ್ಯಾಪ್ಟನ್ ನಾನು ಅಂದುಕೊಂಡದ್ದಕ್ಕಿಂತ ಕುಳ್ಳ. ಗ್ರೂಪಿನಲ್ಲಿ ನನ್ನ ಹೆಸರು ಏನು ಅಂತ ಹೇಳಿದೆ. "ಓ, ನೀನಾ," ಅಂದರು. "ಆ ಐಸ್ ಬಾಕ್ಸ್ ಈ ಕಡೆ ತಳ್ಳು."

ನೀರು ಮೊದಲಿಗಿಂತ ಕಂದು. ಎಲ್ಲಿ ನೋಡಿದರೂ ಉರುಳು. ಈಗ ಪೈಪಿನ ಬಾಯಲ್ಲಿ ಮಾತ್ರ ಅಲ್ಲ, ಅಪ್ಪ ಬಲೆ ಇಳಿಸುತ್ತಿದ್ದ ಕಡೆಯೂ. ಗೆಸ್ಟುಗಳಿಗೆ ಖುಷಿಯೋ ಖುಷಿ, ಫೋನು ಮೇಲೆತ್ತಿ ನಿಂತಿದ್ದರು. ಅಪ್ಪ ಯಾವ ಕಡೆಯೂ ನೋಡಲಿಲ್ಲ.

"ಯಜಮಾನ್ರೇ," ಅಂದರು ಕ್ಯಾಪ್ಟನ್, "ಸುಮ್ನೆ ಹೋಗ್ತಾ ಇರಬೇಡಿ. ದೋಣಿ ಎಲ್ಲಿ ನಿಲ್ಲಿಸಬೇಕು ಅಂತ ಈ ಹುಡುಗನ್ನ ಕೇಳಿ."

ಅಪ್ಪ ಹುಟ್ಟು ಎತ್ತಿದರು. ನಾನು ಹುಟ್ಟುವುದಕ್ಕೆ ಮುಂಚಿನಿಂದ ಈ ನೀರಿನಲ್ಲಿ ಇರುವವರು. ನನ್ನನ್ನು ನೋಡಿದರು.

"ಎಲ್ಲಿ ನಿಲ್ಲಿಸಲಿ ಸಾರ್?"

ಗೆಸ್ಟುಗಳು ನಕ್ಕರು. ತಮಾಷೆ ಅಂದುಕೊಂಡರು. ಅಪ್ಪನ ಮುಖದಲ್ಲಿ ತಮಾಷೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು.

ನಾನು ಕೈ ಎತ್ತಿ ಪೈಪಿನ ಬಾಯಿ ತೋರಿಸಿದೆ.